ಸಹಾಯ ಬೇಕು: ಭಾವನ ಪಿಎಸ್5 ಕೊಳ್ಳಲೇ, ಪಿಸಿ ಜೋಡಿಸಿಕೊಳ್ಳಲೇ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿರುವ ನನ್ನ ಭಾವ ಕೆಲಸಕ್ಕೆಂದು ದುಬೈಗೆ ಹೊರಟಿದ್ದಾರೆ. ತಮ್ಮ ಪಿಎಸ್5 ಡಿಜಿಟಲ್ ಎಡಿಷನ್ ಅನ್ನು (ಡಿಸ್ಕ್ ಹಾಕಲಾಗದ, ಡೌನ್‌ಲೋಡ್ ಮಾಡಿದ ಆಟಗಳನ್ನಷ್ಟೇ ಆಡಿಸುವ ಸೋನಿ ಗೇಮ್ ಕನ್ಸೋಲ್) ಅದರಲ್ಲಿರುವ ಆಟಗಳ ಸಮೇತ ಅರ್ಧ ಬೆಲೆಗೆ ಕೊಡುತ್ತಾರಂತೆ. ಆಸೆಯೇನೋ ಆಗಿದೆ. ಆದರೆ ಆಟಗಳೆಲ್ಲ ಇರುವುದು ಅವರ ಪ್ಲೇಸ್ಟೇಷನ್ ಖಾತೆಯಲ್ಲಿ, ಖಾತೆಯನ್ನು ಮಾರಲು ಸೋನಿಯ ನಿಯಮ ಒಪ್ಪುವುದಿಲ್ಲ. ಹಾಗಾದರೆ ‘ಆಟಗಳ ಸಮೇತ’ ಎಂದು ದುಡ್ಡು ಕೊಟ್ಟು ನಾನು ಪಡೆಯುವುದಾದರೂ ಏನನ್ನು?

ಇದು 2020ರ ಮಾದರಿ. 2023ರ ತೆಳು ಮಾದರಿಯಂತೆ ಇದಕ್ಕೆ ಡಿಸ್ಕ್ ಡ್ರೈವ್ ಜೋಡಿಸಲು ಬರುವುದಿಲ್ಲ. ಆದ್ದರಿಂದ ಹಳೆಯ ಡಿಸ್ಕ್ ಕೊಂಡು ಆಡಿ ಮಾರುವ ದಾರಿಯೂ ಮುಚ್ಚಿದೆ.

ಪಿಸಿಯೇ ವಾಸಿ ಎನ್ನೋಣವೆಂದರೆ ಸ್ಟೀಮ್‌ನಲ್ಲಿಯೂ (ಪಿಸಿ ಆಟಗಳ ಆನ್‌ಲೈನ್ ಅಂಗಡಿ) ಸಿಗುವುದು ಆಡುವ ಪರವಾನಗಿ ಮಾತ್ರ, ಒಡೆತನವಲ್ಲ. 2024ರಿಂದ ಅವರೇ ಅದನ್ನು ಹಣ ಕಟ್ಟುವ ಮುನ್ನ ತಿಳಿಸುತ್ತಾರೆ. ಅಂಥದೇ ಇನ್ನೊಂದು ಅಂಗಡಿಯಾದ ಜಿಒಜಿಯಲ್ಲಿ ಕೊಂಡದ್ದನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿಟ್ಟುಕೊಳ್ಳಬಹುದು, ನಿಜ. ಆದರೆ ನನಗೆ ಬೇಕಾದ ಹೊಸ ಆಟಗಳು ಅಲ್ಲಿಲ್ಲ.

ಭಾವನ ಖಾತೆಯಲ್ಲಿ ‘ಕನ್ಸೋಲ್ ಶೇರಿಂಗ್’ (ಅವರ ಆಟಗಳನ್ನು ಆ ಯಂತ್ರದಲ್ಲಿ ಬೇರೆ ಖಾತೆಯವರೂ ಆಡಲು ಬಿಡುವ ಆಯ್ಕೆ) ಆನ್ ಮಾಡಿ ನನ್ನ ಖಾತೆಯಿಂದ ಆಡಿ ನೋಡಿದೆವು. ಇಂಟರ್‌ನೆಟ್ ತೆಗೆದರೂ ಆಟ ನಡೆಯಿತು. ಮಳೆಗಾಲದ ನಮ್ಮ ನೆಟ್‌ವರ್ಕ್‌ಗೆ ಅದು ಬೇಕೇ ಬೇಕು. ಆದರೆ ಒಂದು ಖಾತೆಗೆ ಒಂದೇ ಪಿಎಸ್5ನಲ್ಲಿ ಈ ಸೌಲಭ್ಯ. ಭಾವ ಅಲ್ಲಿ ಹೊಸದನ್ನು ಕೊಳ್ಳುವುದು ಖಚಿತ, ಅದರಲ್ಲಿ ಶೇರಿಂಗ್ ಆನ್ ಮಾಡಿದರೆ ನನ್ನದರಲ್ಲಿ ಅದು ಉಳಿಯದು. ಮಂಗಳೂರಿನ ಅಂಗಡಿಯವರೊಬ್ಬರನ್ನು ಕೇಳಿದರೆ, “ಏನೂ ಆಗುವುದಿಲ್ಲ ಮಾರಾಯರೇ, ಆಡಿ” ಎಂದು ನಕ್ಕರು.

ಹೀಗೆ ಎರಡು ದೇಶಗಳಲ್ಲಿ ಒಂದೇ ಖಾತೆಯ ಆಟಗಳನ್ನು ಆಡುತ್ತಿರುವವರು ಇದ್ದೀರಾ? ಭಾವ ಅಲ್ಲಿ ಶೇರಿಂಗ್ ಆಫ್ ಇಟ್ಟುಕೊಂಡರೆ, ಇಬ್ಬರೂ ಒಂದೇ ಆಟವನ್ನು ಒಂದೇ ಹೊತ್ತಿಗೆ ಆಡಬಹುದೇ?