ಕುಕ್ಕರ್ ವಿಷಲ್‌ಗೆ ನಾಯಿ ಮತ್ತೆ ಹೆದರುತ್ತಿದೆ, ಕಲಿಸಿದ್ದೆಲ್ಲ ಹೋಯ್ತಾ?

ಚಿನ್ನಿಮನೆ:
ನಮ್ಮ ಚಿನ್ನಿ ನಾಟಿ ನಾಯಿ. ಹಿಂದೊಮ್ಮೆ ಕುಕ್ಕರ್ ಕೂಗಿದ ಬೆನ್ನಿಗೇ ಸೇಫ್ಟಿ ವಾಲ್ವ್ ಹಾರಿ ಬೇಳೆಯೆಲ್ಲ ಚಾವಣಿಗೆ ಚಿಮ್ಮಿತು. ಅವತ್ತಿನಿಂದ ವಿಷಲ್ ಅಂದರೆ ಅವಳಿಗೆ ಪ್ರಾಣಭಯ. ಫೋನಿನಲ್ಲಿ ವಿಷಲ್ ರೆಕಾರ್ಡ್ ಮಾಡಿ, ಸಣ್ಣ ಸದ್ದಿನಿಂದ ಶುರು ಮಾಡಿ, ಪ್ರತಿ ಕೂಗಿಗೂ ಬೇಯಿಸಿದ ಕೋಳಿ ಚೂರು ಕೊಟ್ಟು ಹಾಲ್‌ನಲ್ಲಿ ಅಭ್ಯಾಸ ಮಾಡಿಸಿದೆವು. ಕೊನೆಗೆ ನಿಜವಾದ ಕುಕ್ಕರ್ ಕೂಗಿದರೂ ಬಾಲ ಆಡಿಸುತ್ತಾ ನನ್ನ ಕೈ ನೋಡುತ್ತಿದ್ದಳು.

ಬೇಸಿಗೆ ರಜೆಗೆ ಅವಳನ್ನೂ ಕರೆದುಕೊಂಡು ಊರಿಗೆ ಹೋಗಿದ್ದೆವು. ಅಲ್ಲಿ ಸೌದೆ ಒಲೆ, ವಿಷಲ್ ಸದ್ದೇ ಇಲ್ಲ. ವಾಪಸ್ ಬಂದು ಅನ್ನಕ್ಕಿಟ್ಟರೆ, ಮೊದಲ ಕೂಗಿಗೇ ಮಂಚದ ಕೆಳಗೆ ಸೇರಿ ನಡುಗುತ್ತಿದ್ದಳು. ಎಲ್ಲಾ ಮೊದಲಿಂದ ಶುರು ಮಾಡಬೇಕಾ?

ಬಾಲದಂಡೆ:
ಬೇಡ ಮೇಡಂ. ನೀವು ಕಲಿಸಿದ್ದು ಎಲ್ಲೂ ಹೋಗಿಲ್ಲ. ಹಾಗೇ ಹಳೆಯ ಭಯವೂ ಅಳಿಸಿಹೋಗಿರಲಿಲ್ಲ, ಅಷ್ಟೇ.

ರಷ್ಯಾದ ವಿಜ್ಞಾನಿ ಪಾವ್ಲೋವ್ ಇದನ್ನು ನೂರು ವರ್ಷದ ಹಿಂದೆಯೇ ನೋಡಿದ್ದರು. ನಾಯಿಗೆ ಮಾಂಸದ ಪುಡಿ ಬರೀ ತೋರಿಸಿ, ತಿನ್ನಲು ಕೊಡದೇ ಇದ್ದರೆ ಜೊಲ್ಲು ಸಲದಿಂದ ಸಲಕ್ಕೆ ಕಡಿಮೆಯಾಗಿ ನಿಂತೇ ಹೋಗುತ್ತದೆ. ಆದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೋರಿಸಿದರೆ, ಯಾರೂ ಏನೂ ಕಲಿಸದೆ ಜೊಲ್ಲು ತಾನಾಗಿ ವಾಪಸ್ ಬರುತ್ತದೆ. ಅಳಿಸಿಹೋಗಿದ್ದರೆ ಬರುತ್ತಿರಲಿಲ್ಲ ಅಲ್ವಾ?

ಚಿನ್ನಿಯ ತಲೆಯಲ್ಲಿ ಈಗ ಒಂದೇ ಸದ್ದಿಗೆ ಎರಡು ಅರ್ಥ ಇವೆ: ವಿಷಲ್ ಬಂದರೆ ಸ್ಫೋಟ, ವಿಷಲ್ ಬಂದರೆ ಕೋಳಿ. ಎರಡೂ ಪೈಪೋಟಿ ಮಾಡುತ್ತವೆ. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಬೌಟನ್ ಇಲಿಗಳ ಮೇಲೆ ವರ್ಷಗಟ್ಟಲೆ ಮಾಡಿದ ಪ್ರಯೋಗಗಳಲ್ಲಿ ಕಂಡದ್ದು ಇದು: ಮೊದಲು ಕಲಿತದ್ದು ಎಲ್ಲಿ ಹೋದರೂ ಜೊತೆಗೆ ಬರುತ್ತದೆ, ಆಮೇಲೆ ಕಲಿತದ್ದು ಮಾತ್ರ ಕಲಿತ ಜಾಗಕ್ಕೂ ಸಮಯಕ್ಕೂ ಅಂಟಿಕೊಂಡಿರುತ್ತದೆ. ನಿಮ್ಮ ಅಭ್ಯಾಸವೆಲ್ಲ ಹಾಲ್‌ನಲ್ಲಿ ನಡೆದಿತ್ತು, ಮೇಲೆ ಇಷ್ಟು ದಿನದ ಅಂತರ ಬೇರೆ. ಹಳೆಯದು ಗೆದ್ದಿದೆ.

ಈಗ ಏನು ಮಾಡಬೇಕು ಅಂದರೆ, ನಾಲ್ಕು ದಿನ ಅವಳನ್ನು ವಾಕಿಂಗ್‌ಗೆ ಕಳಿಸಿ ಅಡುಗೆ ಮಾಡಿ. ರೆಕಾರ್ಡಿಂಗನ್ನು ಮತ್ತೆ ಸಣ್ಣ ಸದ್ದಿನಿಂದ ಹಾಕಿ, ಆದರೆ ಈ ಸಲ ಹಾಲ್ ಒಂದೇ ಸಾಲದು. ಅಡುಗೆಮನೆ ಬಾಗಿಲು, ಮಲಗುವ ಕೋಣೆ, ಟೆರೇಸ್, ನೆಂಟರ ಮನೆ, ಎಲ್ಲಾ ಕಡೆ ಆಗಲಿ. ನಿಮ್ಮ ಜೊತೆ ಮಾತ್ರ ಅಲ್ಲ, ಮನೆಯ ಬೇರೆಯವರ ಜೊತೆಗೂ ಆಗಲಿ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಮಾಡಿ, ಮಧ್ಯೆ ಬೇಕೆಂದೇ ಬಿಡುವು ಕೊಡಿ. ಬಿಡುವಾದ ಮೇಲೆ ಭಯ ಸ್ವಲ್ಪ ಮರಳುತ್ತದೆ, ಆಗ ಮತ್ತೆ ಕೋಳಿ. ಸಾಮಾನ್ಯವಾಗಿ ಪ್ರತಿ ಸಲ ಮರಳುವ ಭಯ ಹಿಂದಿನದಕ್ಕಿಂತ ಕಡಿಮೆ ಇರುತ್ತದೆ. ಮುಂದೆ ಊರಿಗೆ ಹೋಗಿ ಬಂದಾಗಲೂ ಮೊದಲ ಅಡುಗೆಗೆ ಮುಂಚೆ ಒಂದೆರಡು ಸಣ್ಣ ಕೂಗು ಕೇಳಿಸಿ, ಚೂರು ಕೊಡಿ.

ತೋಟದಕೇರಿ:
ಸುಮ್ನೆ ಅಡುಗೆಮನೆಯಲ್ಲೇ ಕಟ್ಟಿಹಾಕಿ ಕೂಗಿಸ್ತಾ ಇದ್ದರೆ ತಾನೇ ಅಭ್ಯಾಸ ಆಗಲ್ವಾ?

ಬಾಲದಂಡೆ:
ದಯವಿಟ್ಟು ಹಾಗೆ ಮಾಡಬೇಡಿ. ಓಡಲು ದಾರಿಯಿಲ್ಲದ ನಾಯಿ ಕೆಲವೊಮ್ಮೆ ಸುಮ್ಮನಾಗಿಬಿಡುತ್ತದೆ. ನಾವು ಅದನ್ನು ಧೈರ್ಯ ಅಂದುಕೊಳ್ಳುತ್ತೇವೆ. ಕಿವಿ ಹಿಂದಕ್ಕೆ ಒತ್ತಿದೆಯಾ, ಬಾಯಿ ಬಿಗಿದಿದೆಯಾ, ಕೋಳಿ ಮುಂದಿಟ್ಟರೂ ಮೂಸುವುದಿಲ್ಲವಾ ನೋಡಿ. ತಿನ್ನದಿದ್ದರೆ ಸದ್ದು ಜಾಸ್ತಿಯಾಯಿತು ಅಂತಲೇ ಅರ್ಥ.

ಚಿನ್ನಿಮನೆ:
ತುಂಬಾ ಥ್ಯಾಂಕ್ಸ್ ಸರ್. ನಿನ್ನೆ ಬಾಗಿಲ ಹತ್ತಿರ ಸಣ್ಣ ಸದ್ದು ಹಾಕಿದೆ. ಕಿವಿ ನಿಮಿರಿಸಿದಳು, ಆಮೇಲೆ ನನ್ನ ಜೇಬು ಮೂಸಿದಳು! ಮೊದಲ ಸಲಕ್ಕಿಂತ ಬೇಗ ಒಗ್ಗುತ್ತಿದ್ದಾಳೆ.

ಬಾಲದಂಡೆ:
ಒಳ್ಳೆಯ ಲಕ್ಷಣ. ಇನ್ನೆರಡು ಕೆಲಸ ಬಾಕಿ ಇವೆ. ಕುಕ್ಕರ್‌ನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಹೊಸದು ಹಾಕಿಸಿ. ತಣ್ಣಗಾದ ಭಯ ಅಂಥ ಒಂದೇ ಒಂದು ಸದ್ದಿಗೆ ಎದ್ದು ಕೂರಬಹುದು. ಹಾಗೇ ಒಮ್ಮೆ ಪಶುವೈದ್ಯರ ಹತ್ತಿರ ಕಿವಿ, ಕೀಲು ತೋರಿಸಿ. ಮೈಯಲ್ಲಿ ನೋವಿದ್ದರೆ ಸದ್ದಿನ ಭಯ ಬಲಿಯುತ್ತದೆ, ಆಗ ಬರೀ ಕೋಳಿ ಚೂರಿನಿಂದ ಕೆಲಸ ಆಗಲ್ಲ.