ಕಾಲ ತುಂಬ ಚುಕ್ಕಿ, ಪಾದದ ಗಂಟಲ್ಲಿ ಊತ, ಹೊಟ್ಟೆನೋವು: ಇದು ಬರೀ ಅಲರ್ಜಿನಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಬಿಪಿ, ಶುಗರ್ ಯಾವುದೂ ಇಲ್ಲ. ಹೋದ ತಿಂಗಳು ಗಂಟಲು ನೋವು ಬಂದು ವಾಸಿಯಾಯಿತು. ಅದಾಗಿ ಸ್ವಲ್ಪ ದಿನಕ್ಕೆ ಮೊಣಕಾಲಿನ ಕೆಳಗೆ ಚುಕ್ಕಿಗಳು ಶುರುವಾದವು. ಗುಂಡುಸೂಜಿಯ ತಲೆಯಷ್ಟು ಸಣ್ಣವು, ಬೆರಳಾಡಿಸಿದರೆ ಉಬ್ಬಿರುವುದು ಗೊತ್ತಾಗುತ್ತದೆ. ಕಾಲುಚೀಲದ ಎಲಾಸ್ಟಿಕ್ ಕೂರುವ ಜಾಗದಲ್ಲಂತೂ ಸಾಲಾಗಿ, ಒತ್ತೊತ್ತಾಗಿ ಬಂದಿವೆ. ನನ್ನದು ಕಪ್ಪು ಮೈಬಣ್ಣ, ಹಾಗಾಗಿ ಕೆಂಪು ಅನ್ನೋಕಾಗಲ್ಲ, ನೇರಳೆ ಅನ್ನಬಹುದು. ಹಳೆಯವು ಕಂದಾಗುವಷ್ಟರಲ್ಲಿ ಹೊಸವು ಹಾಜರ್. ಜಾಸ್ತಿ ಹೊತ್ತು ನಿಂತ ದಿನ ಇನ್ನೂ ಜೋರು.

ತುರಿಕೆ ಅಷ್ಟಾಗಿ ಇಲ್ಲ. ನನಗೆ ಅನುಮಾನ ಬಂದಿದ್ದೇ ಅಲ್ಲಿ. ಪಾದದ ಗಂಟುಗಳು ಊದಿಕೊಳ್ಳುತ್ತವೆ, ಬೆಳಗ್ಗೆ ಮಂಚದಿಂದ ಇಳಿದರೆ ಗೋಡೆ ಹಿಡಿದುಕೊಂಡೇ ಹೆಜ್ಜೆ ಇಡಬೇಕು. ನಡುನಡುವೆ ಹೊಟ್ಟೆ ಹಿಂಡಿದ ಹಾಗೆ ನೋವು. ಮೊದಲು ನೋಡಿದ ಡಾಕ್ಟರ್ ಅಲರ್ಜಿ ಅಂದರು, ಸೆಟ್ರಿಜಿನ್ ಮಾತ್ರೆ, ಒಂದು ಕ್ರೀಮ್ ಕೊಟ್ಟರು. ನಿದ್ದೆ ಚೆನ್ನಾಗಿ ಬಂತು, ಚುಕ್ಕಿ ಹೋಗಲಿಲ್ಲ. ಇನ್ನೊಬ್ಬರು "ಸುಮ್ನೆ ಟೆನ್ಷನ್ ಮಾಡ್ಕೋತೀರಾ" ಅಂದರು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 2.6 ಲಕ್ಷ, ಹಿಮೋಗ್ಲೋಬಿನ್ ಎರಡೂ ಸರಿ ಇವೆ, ಮೈಯಲ್ಲಿನ ಉರಿಯೂತ ತೋರಿಸುವ ಇಎಸ್‌ಆರ್ ಮಾತ್ರ 48, ಜಾಸ್ತಿ. ಚರ್ಮ, ಕೀಲು, ಹೊಟ್ಟೆ ಮೂರೂ ಒಂದೇ ಕಾಯಿಲೆಯಾ? ಯಾವ ಡಾಕ್ಟರ್ ಹತ್ತಿರ ಹೋಗಬೇಕು ಅನ್ನೋದೇ ಗೊತ್ತಾಗ್ತಿಲ್ಲ.

ಉತ್ತರ 1:
ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಪಾರದರ್ಶಕ ಗಾಜಿನ ಲೋಟವನ್ನು ಚುಕ್ಕಿ ಮೇಲೆ ಒತ್ತಿ ಹಿಡಿದು, ಗಾಜಿನೊಳಗಿಂದ ನೋಡಿ. ಬಣ್ಣ ಮಾಯವಾದರೆ ರಕ್ತ ನಾಳದೊಳಗೇ ಇದೆ, ಹಾಗೇ ಉಳಿದರೆ ಹೊರಗೆ ಜಿನುಗಿದೆ ಅಂತ. ಒಂದೆರಡು ಚುಕ್ಕಿ ಸುತ್ತ ಪೆನ್ನಿನಿಂದ ಗೆರೆನೂ ಎಳೆದಿಡಿ. ಅಲರ್ಜಿಯ ಗಂಧೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ 24 ಗಂಟೆಗಿಂತ ಜಾಸ್ತಿ ಇರಲ್ಲ, ತುರಿಕೆಯೂ ಇರುತ್ತದೆ. ನಿಮ್ಮದು ಹಾಗೆ ಕಾಣ್ತಿಲ್ಲ.

ಪ್ರಶ್ನೆ ಕೇಳಿದವರು:
ಒತ್ತಿ ನೋಡಿದೆ. ಒಂದು ಚೂರೂ ಬಣ್ಣ ಹೋಗಲ್ಲ. ಗೆರೆ ಎಳೆದ ಚುಕ್ಕಿ ಇನ್ನೂ ಅಲ್ಲೇ ಇದೆ.

ಉತ್ತರ 2:
ನಿಮ್ಮ ಪೋಸ್ಟ್ ಓದಿ ನನ್ನದೇ ಫೈಲ್ ನೋಡಿದ ಹಾಗಾಯಿತು. ನನಗೆ ಬಂದಿದ್ದು ಐಜಿಎ ವ್ಯಾಸ್ಕ್ಯುಲೈಟಿಸ್, ಅಂದರೆ ಐಜಿಎ ಅನ್ನುವ ಪ್ರತಿಕಾಯ ಕೂತು ಸಣ್ಣ ರಕ್ತನಾಳಗಳಲ್ಲಿ ಆಗುವ ಉರಿಯೂತ. ನಾಳದಿಂದ ರಕ್ತ ಹೊರಗೆ ಜಿನುಗಿ ಚರ್ಮದಲ್ಲಿ ನಿಂತಿರುತ್ತದೆ, ಅದಕ್ಕೇ ಒತ್ತಿದರೂ ಹೋಗಲ್ಲ. ಗಂಟಲು ನೋವಾದ ಮೇಲೆ ಬರೋದು, ಕೀಲು, ಹೊಟ್ಟೆ ಎಲ್ಲ ಅದರಲ್ಲಿ ಸೇರುತ್ತವೆ. ನಿಮ್ಮದೂ ಅದೇ ಅಂತ ನಾನು ಹೇಳಲಾರೆ. ಔಷಧಿಯಿಂದ, ಹೆಪಟೈಟಿಸ್ ಬಿ, ಸಿಯಿಂದ, ಲೂಪಸ್‌ನಿಂದ (ರೋಗನಿರೋಧಕ ಶಕ್ತಿ ನಮ್ಮ ಮೈಮೇಲೇ ತಿರುಗಿಬೀಳುವ ಕಾಯಿಲೆ) ಕೂಡ ಇಂಥ ಚುಕ್ಕಿ ಬರಬಹುದು.

ಆದರೆ ಒಂದು ಮಾತು. ಯೂರಿನ್ ಟೆಸ್ಟ್ ಎಲ್ಲಿ? ನಿಮ್ಮ ಪಟ್ಟಿಯಲ್ಲಿ ಅದೇ ಇಲ್ಲ! ಈ ಕಾಯಿಲೆಯಲ್ಲಿ ನಿಜವಾಗಿ ಹೆದರಬೇಕಾದ್ದು ಕಿಡ್ನಿ ವಿಷಯದಲ್ಲಿ. ನೋವೂ ಇರಲ್ಲ, ಮೂತ್ರದ ಬಣ್ಣವೂ ಬದಲಾಗದೆ ಇರಬಹುದು, ಆದರೆ ಟೆಸ್ಟ್‌ನಲ್ಲಿ ರಕ್ತ ಕಣ, ಪ್ರೋಟೀನ್ ಕಾಣಿಸುತ್ತವೆ. ಮಕ್ಕಳಲ್ಲಿ ಸಾಮಾನ್ಯವಾಗಿ ತಾನಾಗೇ ವಾಸಿಯಾಗುತ್ತದೆ, ದೊಡ್ಡವರಲ್ಲಿ ಕಿಡ್ನಿ ತೊಂದರೆ ಜಾಸ್ತಿ. ನಾಳೆಯೇ ಯೂರಿನ್ ಟೆಸ್ಟ್, ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ. ಅಲ್ಲಿವರೆಗೂ ಕೀಲು ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನೀವಾಗೇ ನುಂಗಬೇಡಿ.

ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷೆ) ಮಾಡೋಣ ಅಂತ ಅವರು ಹೇಳಿದರೆ ಹೊಸ ಚುಕ್ಕಿಯನ್ನೇ ತೋರಿಸಿ, ಒಂದೆರಡು ದಿನದೊಳಗೆ ಬಂದಿದ್ದು. ಹಳೆಯದರಲ್ಲಿ ಐಜಿಎ ಸಿಗದೇ ಹೋಗಬಹುದು. ಆ ಐಜಿಎ ಹುಡುಕುವ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೂ ಇನ್ನೊಂದು ಚೂರು ತೆಗೀತೀರಾ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಉತ್ತರ 3:
ನಾನು ವಾರ್ಡ್‌ನಲ್ಲಿ ಕೆಲಸ ಮಾಡುವ ನರ್ಸ್. ಅಪಾಯಿಂಟ್‌ಮೆಂಟ್‌ಗೆ ಕಾಯುವಾಗ ಇದು ನೆನಪಿರಲಿ. ಒತ್ತಿದರೂ ಹೋಗದ ಚುಕ್ಕಿ ಜೊತೆ ಜ್ವರ ಬಂದರೆ, ಕುತ್ತಿಗೆ ಬಿಗಿದರೆ, ಮಂಕು ಕವಿದರೆ ಅವತ್ತೇ ಎಮರ್ಜೆನ್ಸಿಗೆ ಓಡಿ. ಅದು ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆಗಿರಬಹುದು, ಗಂಟೆಗಳ ಲೆಕ್ಕ. ಹೊಟ್ಟೆನೋವು ತಡೆಯೋಕಾಗದಷ್ಟು ಜೋರಾದರೆ, ಮಲ ಟಾರಿನಂತೆ ಕಪ್ಪಾದರೆ ಕೂಡ ಅಷ್ಟೇ. ಗಂಟಲು ನೋವಿಗೆ ಯಾವ ಮಾತ್ರೆ ತಗೊಂಡಿದ್ರಿ? ಆ ಸ್ಟ್ರಿಪ್ ಇದ್ದರೆ ಡಾಕ್ಟರ್‌ಗೆ ತೋರಿಸಿ, ತುಂಬಾ ಜನ ಅದನ್ನ ಹೇಳೋದೇ ಇಲ್ಲ. ಚುಕ್ಕಿಗಳ ಫೋಟೋ ದಿನಾ ಒಂದೇ ಬೆಳಕಲ್ಲಿ ತೆಗೆದಿಡಿ. ನೀವು ಹೋದ ದಿನವೇ ಅವು ಮಾಸಿರುತ್ತವೆ!

ಪ್ರಶ್ನೆ ಕೇಳಿದವರು:
ಯೂರಿನ್ ರಿಪೋರ್ಟ್ ಬಂತು. ಪ್ರೋಟೀನ್ ಎರಡು ಪ್ಲಸ್, ರಕ್ತ ಕಣಗಳೂ ಇವೆ. ಕ್ರಿಯಾಟಿನಿನ್ 0.8, ಅದೂ ಬಿಪಿಯೂ ಸರಿಯಿವೆ. ಚರ್ಮದ ಡಾಕ್ಟರ್ ಚುಕ್ಕಿ ನೋಡಿದ ತಕ್ಷಣ ವ್ಯಾಸ್ಕ್ಯುಲೈಟಿಸ್ ಇರಬಹುದು ಅಂದರು. ಅವತ್ತು ಬೆಳಗ್ಗೆ ಹೊಸದಾಗಿ ಎದ್ದಿದ್ದ ಚುಕ್ಕಿಯಿಂದಲೇ ಬಯಾಪ್ಸಿ ತೆಗೆದರು, ಎರಡು ಚೂರು. ಮರಗಟ್ಟಿಸುವ ಇಂಜೆಕ್ಷನ್ ಉರಿದಿದ್ದು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಕಿಡ್ನಿ ಡಾಕ್ಟರ್‌ಗೂ ಚೀಟಿ ಬರೆದುಕೊಟ್ಟಿದ್ದಾರೆ.

ಹೆದರಿಕೆ ಹೋಗಿಲ್ಲ. ಆದರೆ ಟೆನ್ಷನ್ ಮಾಡ್ಕೋಬೇಡಿ ಅಂದಾಗ ಆಗಿದ್ದಕ್ಕಿಂತ ಕಡಿಮೆ ಇದೆ. ಚುಕ್ಕಿ ಮಾಸಿದ ಮೇಲೂ ಯೂರಿನ್ ಟೆಸ್ಟ್ ಮಾಡಿಸ್ತಾ ಇರಬೇಕಾ?

ಉತ್ತರ 2:
ಹೌದು. ಚುಕ್ಕಿ ಹೋಯ್ತು ಅಂತ ಬಿಡಬೇಡಿ. ಯೂರಿನ್ ಸರಿ ಇದ್ದವರಿಗೇ ಕಡಿಮೆ ಅಂದರೂ 6 ತಿಂಗಳು ಯೂರಿನ್, ಬಿಪಿ ನೋಡ್ತಾರೆ. ನಿಮಗೆ ಪ್ರೋಟೀನ್ ಇರುವುದರಿಂದ ಇನ್ನೂ ಜಾಸ್ತಿ ದಿನ ಆಗಬಹುದು. ಸ್ಟೀರಾಯ್ಡ್ ಬೇಕಾ ಬೇಡವಾ ಅಂತ ಕಿಡ್ನಿ ಡಾಕ್ಟರ್ ಹೇಳ್ತಾರೆ. ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕಿ.