ಪದಚರ್ಚೆ: ರ‍್ಯಾಕೆಟ್ಟಿನ ‘ಗಟಿಂಗ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ (ಪುಣೆ): ಹೊಸದಾಗಿ ಟೆನಿಸ್ ಕಲಿಯುವವರಿಗೆ ಕನ್ನಡದಲ್ಲಿ ಕರಪತ್ರ ತಯಾರಾಗುತ್ತಿದೆ. ಸ್ಟ್ರಿಂಗ್‌ಗೆ ‘ತಂತಿ’ ಸರಿಯೇ? ಇಲ್ಲಿನ ಅಂಗಡಿಗಳಲ್ಲಿ ‘ಗಟಿಂಗ್’ ಅನ್ನುತ್ತಾರೆ. ಅದು ನಮ್ಮ ‘ಗಟ್ಟಿ’ಯಿಂದ ಬಂದದ್ದೇ? ಮೇನ್ (ಉದ್ದದ ಸ್ಟ್ರಿಂಗ್), ಕ್ರಾಸ್ (ಅಡ್ಡದ ಸ್ಟ್ರಿಂಗ್) ಇವುಗಳಿಗೂ ಪದ ಬೇಕು.

ಉತ್ತರ: ‘ಗಟ್ಟಿ’ಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಗಟ್ ಎಂದರೆ ಕರುಳು. ದನದ ಸಣ್ಣಕರುಳಿನ ಹೊರಪದರವನ್ನು ಎಳೆಯಾಗಿ ಸೀಳಿ, ಹೊಸೆದು, ಒಣಗಿಸಿದ ಹುರಿ ಅದು. ಇಂಗ್ಲಿಷಿನಲ್ಲಿ ಕ್ಯಾಟ್‌ಗಟ್ ಎಂದರೂ ಬೆಕ್ಕಿಗೆ ಅದರಲ್ಲಿ ಪಾಲಿಲ್ಲ. ಈಗಿನ ಸಿಂಥೆಟಿಕ್ ಗಟ್ ಬರೀ ನೈಲಾನು.

‘ತಂತಿ’ ಬೇಡ, ಲೋಹದ ನೆನಪಾಗುತ್ತದೆ. ‘ಹೆದೆ’ಯಲ್ಲಿ ಬಿಗಿಯ ಅರ್ಥ ಚೆನ್ನಾಗಿದೆ, ಆದರೆ ಅದು ಬಿಲ್ಲು ಬಿಟ್ಟು ಬರುವುದಿಲ್ಲ. ಬರಹಕ್ಕೆ ‘ಹುರಿ’ ಇರಲಿ. ಪಾಲಿಯೆಸ್ಟರ್ ಹೊಸೆದದ್ದಲ್ಲ, ಒಂಟಿ ಎಳೆ. ಅದೊಂದಕ್ಕೆ ‘ಎಳೆ’ ಎನ್ನಿ.

ಮೇನ್, ಕ್ರಾಸ್‌ಗಳಿಗೆ ಪದ ಹುಟ್ಟಿಸುವುದೇ ಬೇಡ, ನೇಕಾರರ ಹಾಸು–ಹೊಕ್ಕು ಇದೆ. ಸಾಮಾನ್ಯವಾಗಿ ಉದ್ದಕ್ಕೆ 16 ಹಾಸು, ಅಡ್ಡಕ್ಕೆ 19 ಹೊಕ್ಕು. ಮಗ್ಗದಲ್ಲಿ ಮಾಡುವಂತೆಯೇ ಹಾಸನ್ನು ಮೊದಲು ಬಿಗಿದು, ಹೊಕ್ಕನ್ನು ಒಂದರ ಮೇಲೆ, ಮತ್ತೊಂದರ ಕೆಳಗೆ ತೂರಿಸುತ್ತಾರೆ. ಕಡಿಯುವುದೂ ಹೆಚ್ಚಾಗಿ ಹಾಸೇ. ಚೆಂಡು ಬಡಿದಾಗ ಅದು ಪಕ್ಕಕ್ಕೆ ಸರಿದು ವಾಪಸು ಬರುತ್ತದೆ. ಪ್ರತಿ ಸಲವೂ ಹೊಕ್ಕಿಗೆ ಉಜ್ಜಿ ಅಲ್ಲಿ ಕಚ್ಚು ಬೀಳುತ್ತದೆ. ನಡುವಿನ ಹುರಿಗಳನ್ನು ಸ್ವಲ್ಪ ಸರಿಸಿ ಉಗುರಿನಿಂದ ಸವರಿದರೆ ಕಚ್ಚು ಕೈಗೆ ಸಿಗುತ್ತದೆ. ಆಳವಾಗಿದ್ದರೆ ಹೊಸ ಹುರಿ ಹಾಕಿಸುವ ಹೊತ್ತಾಯಿತು.

ಟೆನ್ಷನ್‌ಗೆ ‘ಬಿಗಿ’ ಸಾಕು. ಆದರೆ ಬಿಗಿ ಹೆಚ್ಚಿದರೆ ಹೊಡೆತಕ್ಕೆ ಬಲ ಬರುತ್ತದೆಂದು ಓದುಗರು ತಿಳಿದಾರು, ಆಗುವುದು ತಿರುಗುಮುರುಗು. ಸಡಿಲ ಹುರಿ ಚೆಂಡನ್ನು ದೂರ ಚಿಮ್ಮಿಸುತ್ತದೆ, ಬಿಗಿಯಾದದ್ದು ಹಿಡಿತ ಕೊಡುತ್ತದೆ. ಹುರಿಯ ದಪ್ಪ ಹೇಳುವ ಗೇಜ್ ಅಂಕಿ ಕೂಡ ಹೀಗೇ ಉಲ್ಟಾ: 16 ಗೇಜ್ ಸುಮಾರು 1.30 ಮಿ.ಮೀ., 17 ಅದಕ್ಕಿಂತ ತೆಳು.

ಕಲಿಯುವವರಿಗೆ 16 ಗೇಜ್ ಸಿಂಥೆಟಿಕ್ ಗಟ್ ಸಾಕು. ಚೌಕಟ್ಟಿನ ಮೇಲೆ 50–60 ಪೌಂಡ್ ಎಂದಿದ್ದರೆ 54ಕ್ಕೆ, ಅಂದರೆ ಸುಮಾರು 24.5 ಕಿಲೋಗೆ, ಬಿಗಿಸಲಿ. ಪಾಲಿಯೆಸ್ಟರ್ ಬೇಡವೆಂದು ಸ್ಪಷ್ಟವಾಗಿ ಬರೆಯಿರಿ: ಬಿರುಸು, ಮೊಣಕೈಗೆ ಪೆಟ್ಟು, ಕಡಿಯದಿದ್ದರೂ ಬಿಗಿ ಬೇಗ ಬಿಟ್ಟುಬಿಡುತ್ತದೆ. ಅಂಗಡಿಯಲ್ಲಿ ಮಾತ್ರ ‘ಹುರಿ’ ಅನ್ನಬೇಡಿ, ‘ಟೆನಿಸ್ ಗಟಿಂಗ್’ ಅನ್ನಿ. ಬರೀ ಗಟಿಂಗ್ ಎಂದರೆ ಬ್ಯಾಡ್ಮಿಂಟನ್ನಿನ ಸಪೂರ ದಾರ ಎದುರಿಗೆ ಬಂದೀತು.

ಸೇರಿಕೆ (ಮಾಟುಂಗಾ): ಮರಾಠಿ ಅಂಗಡಿಯವರಿಗೆ ಹಾಸು–ಹೊಕ್ಕು ತಿಳಿಸಲು ‘ಉಭೇ–ಆಡವೇ’ ಎಂದರಾಯಿತು. ಅಸಲಿ ಕರುಳಿನ ಹುರಿ ನಮ್ಮ ಮುಂಬೈ ಮಳೆಗಾಲಕ್ಕಲ್ಲ. ತೇವ ಹೀರಿ ಉಬ್ಬುತ್ತದೆ, ಎಳೆ ಬಿಚ್ಚಿಕೊಳ್ಳುತ್ತದೆ.